ಅತ್ತೆಯ ಹೆಸರಿನ ಸಿಲಿಂಡರ್

ಬಾಡಿಗೆ ಮನೆ ಕಟ್ಟಿಸಲು ಹೊರಟರೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಾಗಲಗುಂಟೆಯಲ್ಲಿ ನಮ್ಮ ಮನೆಯ ಹಿಂದೆ ಉಳಿದಿದ್ದ ಜಾಗದಲ್ಲಿ ಸಾಲಾಗಿ ಆರು ಶೀಟಿನ ಮನೆ ಹಾಕಿಸುತ್ತಿದ್ದೆವು. ಒಂದೊಂದು ಕೋಣೆ, ಕೋಣೆಯ ಮೂಲೆಯಲ್ಲಿ ಅಡುಗೆಗೆ ಒಂದು ಕಲ್ಲು, ಆರು ಮನೆಗೂ ಸೇರಿ ಎರಡು ಬಚ್ಚಲು. ಅಷ್ಟಕ್ಕೇ ಬೀದಿಯಲ್ಲಿ ಹೋಗುವವರೆಲ್ಲ ಒಳಗೆ ಬಂದು, ಬಾಗಿಲು ಯಾವ ದಿಕ್ಕಿಗಿರಬೇಕು, ಒಂಟಿ ಗಂಡಸರಿಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನ ಕೊಟ್ಟು ಕಾಫಿ ಕುಡಿದು ಹೋಗುತ್ತಿದ್ದರು. ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್, ಮಾತು ಕಡಿಮೆ. ಹಾಗಾಗಿ ಕಟ್ಟಿಸುವ ಯಜಮಾನಿಕೆ ನನ್ನದು ಮತ್ತು ನನ್ನ ಅತ್ತೆಯದು. ಅತ್ತೆಗೆ ಓದು ಬಾರದು, ನಾನು ಪಿಯುಸಿ ಪಾಸು. ನನಗೆ ಮೂಗಿನ ತುದಿಯಲ್ಲಿ ಕೋಪ, ಅವರಿಗೆ ನಾಲಗೆಯ ತುದಿಯಲ್ಲಿ. ಹೀಗಿದ್ದರೂ ಬಾಡಿಗೆಯ ವಿಷಯದಲ್ಲಿ ನಮ್ಮಿಬ್ಬರಿಗೆ ಒಂದು ದಿನವೂ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ವೈರಿಂಗ್ ಮಾಡಲು ಬಂದ ಎಲೆಕ್ಟ್ರಿಷಿಯನ್ ತಿಳಿದವನು.

"ಅಕ್ಕ, ಆರು ಮನೆಗೂ ಬೇರೆ ಬೇರೆ ಮೀಟರ್ ಹಾಕಿಸ್ಬಿಡಿ. ಅವರವರ ಬಿಲ್ಲು ಅವರವರು ಕಟ್ಕೋತಾರೆ, ನಿಮಗೆ ತಲೆನೋವಿರಲ್ಲ" ಎಂದ.

ಅತ್ತೆ ಜಗಲಿಯ ಮೇಲೆ ಕುಳಿತು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತದೆ ಕೇಳಿದರು: "ಬಿಲ್ಲು ಯಾರ ಎಸ್ರಿಗೆ ಬತ್ತದೆ?"

"ನಿಮ್ಮ ಹೆಸರಿಗೂ ಹಾಕಿಸ್ಬೋದು ಅಜ್ಜಿ, ಬಾಡಿಗೆಯೋರ ಹೆಸರಿಗೂ ಹಾಕಿಸ್ಬೋದು. ಬಾಗಿಲ ನಂಬರ್ ಮಾತ್ರ ಒಂದೊಂದು ಮನೆಗೆ ಒಂದೊಂದು ಬರುತ್ತೆ."

"ಅಂಗಾರೆ ಬ್ಯಾಡ. ಒಂದೇ ಮೀಟ್ರು ಸಾಕು."

ನಾನೂ ಹೂಂ ಅಂದೆ. ಎಲ್ಲದಕ್ಕೂ ಸೇರಿ ಮುಂದಿನ ಮನೆಗೆ ಒಂದೇ ಮೀಟರು. ಹಿಂದಿನ ಆರು ಮನೆಗೆ ಆರು ಸಬ್ ಮೀಟರುಗಳನ್ನು ಖಾಸಗಿಯಾಗಿ ತಂದು ನಮ್ಮ ವರಾಂಡದ ಗೋಡೆಗೆ ಹೊಡೆಸಿದೆವು. ಫ್ಯೂಸು ನಮ್ಮ ಅಡುಗೆಮನೆಯ ಬಾಗಿಲ ಹಿಂದೆ. ಒಂದು ದೀಪ, ಒಂದು ಫ್ಯಾನು, ಟೀವಿ ಇದ್ದವರಿಗೆ ಟೀವಿ. ಕಾಯಿಲ್ ಒಲೆ ಹಚ್ಚುವ ಹಾಗಿಲ್ಲ. ಯಾರಾದರೂ ಕದ್ದು ಹಚ್ಚಿದರೆ ಅವರ ಸಬ್ ಮೀಟರಿನ ಚಕ್ರ ಗಿರಗಿರ ತಿರುಗಿ ನನಗೆ ಚಾಡಿ ಹೇಳುತ್ತಿತ್ತು. ನಾನು ಹೋಗಿ ಆ ಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ. ಆಗಿನ ನನ್ನ ಆ ಭಂಗಿ ನೆನೆದರೆ ಈಗ ನನಗೇ ನಗು ಬರುತ್ತದೆ, ಎಷ್ಟೋ ಸಲ ನಗು ಬರುವುದಿಲ್ಲ.

ಕರೆಂಟಿಗಾದರೆ ಇದ್ದದ್ದು ಒಂದೇ ಕಂಪನಿ, ಯಾರಿಂದ ತೆಗೆದುಕೊಳ್ಳೋಣ ಎಂದು ಯೋಚಿಸುವ ಕಷ್ಟವಿರಲಿಲ್ಲ. ಒಲೆಯ ವಿಷಯದಲ್ಲಿ ಮಾತ್ರ ಆರಿಸಿಕೊಳ್ಳಬೇಕಾಯಿತು. ಮೊದಲು ಬಂದ ಬಾಡಿಗೆಯವರು ಸೀಮೆಎಣ್ಣೆಯ ಪಂಪ್ ಸ್ಟವ್ ಇಟ್ಟುಕೊಂಡರು. ಹೊಸದಾಗಿ ಡಿಸ್ಟೆಂಪರ್ ಹೊಡೆಸಿದ ಗೋಡೆಗಳು ಆರೇ ತಿಂಗಳಿಗೆ ಬಾಣಲೆಯ ತಳದ ಬಣ್ಣಕ್ಕೆ ಬಂದವು. ನಾನು ಕಿರುಚಾಡಿ ಸೀಮೆಎಣ್ಣೆ ನಿಲ್ಲಿಸಿದೆ. ಸೌದೆ ಮೊದಲೇ ಇಲ್ಲ. ಹಾಗಾದರೆ ಅಡುಗೆ ಮಾಡುವುದು ಹೇಗೆ ಎಂದು ಅವರು ಕೇಳಿದರು, ನ್ಯಾಯವಾದ ಪ್ರಶ್ನೆ. ಬಾಡಿಗೆಯವರಿಗೆ ಗ್ಯಾಸ್ ಎಲ್ಲಿಂದ ಕೊಡಿಸುವುದು ಎಂದು ವಿಚಾರಿಸಲು ಸೆರಗು ಬಿಗಿದು ಹೊರಟೆ.

ನಮ್ಮ ಕಡೆಗೆ ಸಿಲಿಂಡರ್ ತರುತ್ತಿದ್ದ ಏಜೆನ್ಸಿಗಳು ಎರಡು. ಒಂದು ಹತ್ತಿರದ್ದು. ಬುಕ್ ಮಾಡಿದ ಮೂರನೆಯ ದಿನ ಸಿಲಿಂಡರ್ ಮನೆಯಲ್ಲಿ. ತರುವವನು ತೂಕ ಹಾಕಿ ತೋರಿಸಿ, ಹಿತ್ತಲಿನವರೆಗೂ ಹೊತ್ತು ತಂದು, ವಾಷರ್ ನೋಡಿ ಹೋಗುತ್ತಿದ್ದ. ಅಲ್ಲಿಯ ಮೇಜಿನ ಹಿಂದೆ ಕುಳಿತಿದ್ದ ಹೆಂಗಸು ನಾನು ಕೇಳುವ ಮೊದಲೇ ಹೇಳಿದಳು: "ಬಾಡಿಗೆಯೋರ ಹೆಸರಿಗೇ ಕನೆಕ್ಷನ್ ಕೊಡ್ತೀವಿ ಮೇಡಂ. ಓನರ್ ಆಗಿ ನೀವು ಒಂದು ಲೆಟರ್ ಕೊಟ್ರೆ ಸಾಕು, ಇವರು ನಮ್ಮ ಮನೇಲಿ ಇದಾರೆ ಅಂತ. ನಾವು ಬಂದು ಅಡುಗೆಮನೆ ನೋಡ್ಕೊಂಡು ಹೋಗ್ತೀವಿ."

ಇನ್ನೊಂದು ದೂರದ್ದು. ಬುಕ್ ಮಾಡಿ ಹದಿನೈದು ದಿನ ಕಾಯಬೇಕು. ಸಿಲಿಂಡರನ್ನು ರಸ್ತೆಯಲ್ಲೇ ಉರುಳಿಸಿ ಹಾರ್ನ್ ಹೊಡೆದು ಹೋಗುತ್ತಿದ್ದರು. ಆದರೆ ಅವರು ಏನೂ ಕೇಳುತ್ತಿರಲಿಲ್ಲ. ಯಾರ ಮನೆ, ಯಾರ ಒಲೆ, ಯಾರು ಉಣ್ಣುವವರು, ಒಂದೂ ಇಲ್ಲ. ನಾನು ಆರಿಸಿಕೊಂಡದ್ದು ಆ ಕೇಳದವರನ್ನು. ಗಂಡನ ಹೆಸರಿಗೆ ಒಂದು, ಅತ್ತೆಯ ಹೆಸರಿಗೆ ಒಂದು, ಬೇರೆ ಊರಿನಲ್ಲಿದ್ದ ಮೈದುನನ ಹೆಸರಿಗೆ ಒಂದು, ಹೀಗೆ ಒಂದೇ ವಿಳಾಸಕ್ಕೆ ಮೂರು ಕನೆಕ್ಷನ್ ಮಾಡಿಸಿದೆ. ಒಂದು ನಮಗೆ. ಎರಡನ್ನು ಹಿಂದಿನ ಮನೆಗಳಲ್ಲಿ ಸಂಸಾರವಿದ್ದವರಿಗೆ ಬಿಟ್ಟುಕೊಟ್ಟೆ. ಉಳಿದ ಗಂಡಸರು ಸ್ಟವ್ ರಿಪೇರಿ ಅಂಗಡಿಯಲ್ಲಿ ಸಣ್ಣ ಸಿಲಿಂಡರ್ ತುಂಬಿಸಿಕೊಳ್ಳಲಿ ಎಂದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಅತ್ತೆ ಬೆನ್ನು ತಟ್ಟಿದರು.

ನಮ್ಮ ಭಯ ಏನೆಂದು ಇಲ್ಲಿ ಹೇಳಿಬಿಡಬೇಕು. ನನ್ನ ಮಾವ ಒಂದು ಕಾಲದಲ್ಲಿ ಗೇಣಿದಾರರು. ಪಟ್ಟಣದಲ್ಲಿದ್ದ ಒಬ್ಬ ಯಜಮಾನರ ಮೂರು ಎಕರೆಯನ್ನು ಬಾಯಿಮಾತಿನ ಮೇಲೆ ಉಳುತ್ತಿದ್ದರು. ಯಾವುದೋ ವರ್ಷ ಶಾನುಭೋಗರು ಪಹಣಿಯಲ್ಲಿ ಉಳುವವನ ಕಾಲಮ್ಮಿಗೆ ಮಾವನ ಹೆಸರು ಬರೆದರು. ಯಜಮಾನರೂ ಬರೆದುಕೊಳ್ಳಲಿ ಬಿಡಿ ಎಂದರಂತೆ. ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಆ ಒಂದು ಸಾಲಿನ ಬಲದ ಮೇಲೆ ಜಮೀನು ನಮ್ಮದಾಯಿತು. ಯಜಮಾನರು ಕೊನೆಯ ಸಲ ಬಂದು ಬದುವಿನ ಮೇಲೆ ನಿಂತು ಹೋದದ್ದನ್ನು, ತಾನು ಮಜ್ಜಿಗೆ ಕೊಟ್ಟದ್ದನ್ನು, ಅವರು ಲೋಟ ಮುಟ್ಟದೆ ಹೋದದ್ದನ್ನು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದಾರೆ. ಆ ಜಮೀನಿನಲ್ಲಿ ಹೆಚ್ಚಿನ ಪಾಲು ಆಮೇಲೆ ಕಾರ್ಖಾನೆಗಳಿಗೆ ಹೋಯಿತು. ಉಳಿದ ಚೂರಿನಲ್ಲಿ ನಮ್ಮ ಮನೆ, ಹಿತ್ತಲು.

"ಎಸ್ರು ಒಂದ್ಸಲ ಕಾಗದಕ್ಕೆ ಅತ್ಕೊಂಡ್ರೆ ಮುಗೀತು ಕಣಮ್ಮಿ, ಕೆಳೀಕ್ ಇಳಿಯಾಕಿಲ್ಲ" ಎನ್ನುತ್ತಿದ್ದರು ಅತ್ತೆ. ಕಾಗದದ ರುಚಿ ಕಂಡ ಮನೆ ನಮ್ಮದು. ಅದಕ್ಕೇ ಇನ್ನೊಬ್ಬರ ಹೆಸರನ್ನು ಕಾಗದದ ಹತ್ತಿರ ಸುಳಿಯಲು ಬಿಡಲಿಲ್ಲ. ಶೀಟಿನ ಮನೆಯ ಬಾಡಿಗೆಗೂ ಗದ್ದೆಯ ಗೇಣಿಗೂ ಕಾನೂನು ಬೇರೆ ಬೇರೆ ಎಂದು ಪಿಯುಸಿ ಓದಿದ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದರೂ ಹೆದರಿಕೆ ಹೋಗಲಿಲ್ಲ.

ಎರಡು ಸಾವಿರದ ಆರರಲ್ಲಿ ಮೂರನೆಯ ಮನೆಗೆ ಸಿಂದಗಿ ಕಡೆಯ ಗಂಡ ಹೆಂಡತಿ ಬಂದರು. ಆಗಷ್ಟೇ ಮದುವೆಯಾದವರು. ಅವನಿಗೆ ಪೀಣ್ಯದಲ್ಲಿ ಕಬ್ಬಿಣ ಎರಕ ಹೊಯ್ಯುವ ಕೆಲಸ, ಅವಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಎತ್ತರದ ಹುಡುಗಿ, ನಕ್ಕರೆ ಬಾಯಿಗೆ ಸೆರಗು. ಅವಳಿಗೆ ನಾನು ಅತ್ತೆಯ ಹೆಸರಿನ ಸಿಲಿಂಡರ್ ಕೊಟ್ಟೆ. ಮೊದಲ ದಿನವೇ ಅದರ ಮೇಲೆ ರೊಟ್ಟಿ ಬೇಯಿಸಿ, ಶೇಂಗಾ ಚಟ್ನಿಯ ಜೊತೆ ತಟ್ಟೆಯಲ್ಲಿಟ್ಟು ತಂದಳು.

"ಕಟ್ಟಿಗಿ ಒಲಿ ಮ್ಯಾಲಿನ ರುಚಿ ಬರಂಗಿಲ್ರಿ ಅಕ್ಕಾರ, ಆದ್ರೂ ನೋಡ್ರಿ" ಎಂದಳು.

ಅತ್ತೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಮುದ್ದೆ ತಿನ್ನುವವರಿಗೆ ಇದೆಲ್ಲ ಹಪ್ಪಳ ಎಂದು ಅಣಕಿಸಿದರು. ತಟ್ಟೆ ಖಾಲಿ ಮಾಡಿದ್ದೂ ಅವರೇ. ಅವಳು ಬಸುರಿಯಾಗಿ ತವರಿಗೆ ಹೋಗಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದಾಗ ನೀರು ಹಾಕಲು ಕುಳಿತದ್ದು ಅತ್ತೆ. ಹೆಣ್ಣು ಕೂಸು. ಅದು ಅಂಬೆಗಾಲಿಟ್ಟದ್ದು ನಮ್ಮ ಹಿತ್ತಲಿನಲ್ಲಿ, ಗೋಡೆ ಹಿಡಿದು ನಿಂತದ್ದು ನಮ್ಮ ವರಾಂಡದಲ್ಲಿ. ತನ್ನ ಅಮ್ಮ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಎಲ್ಲಿದ್ದರೂ ಓಡುತ್ತಿತ್ತು.

ಮಗು ಬಂದ ವರ್ಷವೇ ಇರಬೇಕು, ಅವಳು ಮೊದಲ ಸಲ ಕೇಳಿದ್ದು. ಅಕ್ಕಿ ಆರಿಸುತ್ತಿದ್ದ ನನ್ನ ಎದುರು ಬಂದು ಕುಳಿತಳು.

"ಅಕ್ಕಾರ, ಒಂದ್ ಚೀಟಿ ಬರ್ದ್ ಕೊಡ್ರಿ. ಗ್ಯಾಸ್ ನಮ್ಮ ಹೆಸರ್ಲೆ ಮಾಡಿಸ್ಕೋತೀವ್ರಿ. ಆ ಪುಸ್ತಕ ಇತ್ತಂದ್ರ ಮುಂದ ರೇಶನ್ ಕಾರ್ಡಿಗೂ ಆಗ್ತದಂತ."

ನಾನು ಒಳಗೆ ನೋಡಿದೆ. ಅತ್ತೆ ಬಾಗಿಲ ಸಂದಿಯಿಂದ ಕೈ ಅಲ್ಲಾಡಿಸಿದರು, ಬೇಡ ಎಂದು.

"ನಮ್ದೇ ಇದೆಯಲ್ಲಮ್ಮ, ಸುಮ್ನೆ ಯಾಕೆ ಇನ್ನೊಂದು? ನಾನೇನು ಕಿತ್ಕೋತೀನಾ?" ಎಂದೆ.

"ಇಲ್ರಿ, ನೀವ್ ಹಂಗ ಮಾಡಾವ್ರಲ್ಲ" ಎಂದು ಎದ್ದುಹೋದಳು. ಆಮೇಲೆ ಐದು ವರ್ಷ ಆ ಮಾತು ಎತ್ತಲಿಲ್ಲ. ಬೀದಿಯವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದವಳು ನಾನು. ಪಿಂಚಣಿಗೆ, ನೀರಿನ ನಲ್ಲಿಗೆ, ಬೀದಿದೀಪಕ್ಕೆ, ಯಾರು ಕೇಳಿದರೂ ಪೆನ್ನು ಹಿಡಿಯುತ್ತಿದ್ದೆ. ನನ್ನ ಹಿತ್ತಲಿನವಳಿಗೆ ನಾಲ್ಕು ಸಾಲು ಬರೆದುಕೊಡಲು ನನ್ನ ಕೈ ಏಳಲಿಲ್ಲ.

ಅತ್ತೆ ತೀರಿಕೊಂಡರು. ಹಾಲು ತುಪ್ಪ ಮುಗಿಸಿ ಬಂದ ವಾರವೇ ಅವರ ಹೆಸರಿಗೆ ಸಿಲಿಂಡರ್ ಬಂತು. ಹೆಸರು ಬದಲಾಯಿಸಬೇಕು ಎಂದುಕೊಂಡೆ, ಬದಲಾಯಿಸಲಿಲ್ಲ. ಸತ್ತವರ ಪುಸ್ತಕದಲ್ಲಿ ತಿಂಗಳು ತಿಂಗಳು ಎಂಟ್ರಿ ಬೀಳುತ್ತ ಹೋಯಿತು. ನನ್ನ ಗಂಡ ಒಮ್ಮೆ ಮಾತ್ರ, "ಅಮ್ಮ ಈಗ್ಲೂ ಅಡುಗೆ ಮಾಡ್ತಾವ್ಳೆ" ಎಂದು ನಕ್ಕಿದ್ದರು.

ಒಂದು ಮನೆಗೆ ಒಂದೇ ಕನೆಕ್ಷನ್, ವರ್ಷಕ್ಕೆ ಇಷ್ಟೇ ಸಬ್ಸಿಡಿ ಸಿಲಿಂಡರ್ ಎಂದು ಸರ್ಕಾರ ನಿಯಮ ತಂದದ್ದು ಅದಾದ ಮೇಲೆ. ಏನೂ ಕೇಳದಿದ್ದ ಏಜೆನ್ಸಿಯವರೂ ಕೇಳತೊಡಗಿದರು. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಬ್ಯಾಗು ನೇತುಹಾಕಿಕೊಂಡು ಬಂದ. ಒಂದೇ ವಿಳಾಸಕ್ಕೆ ಮೂರು ಹೆಸರಿವೆ, ನೋಡಬೇಕು ಎಂದ. ಗಂಡ ಕೆಲಸಕ್ಕೆ ಹೋಗಿದ್ದರು. ಹಿಂದಿನ ಮನೆಗಳಿಗೆ ಬೀಗ ಬಿದ್ದಿತ್ತು, ಮೂರನೆಯದಕ್ಕೆ ಬಿಟ್ಟು. ಮಗಳಿಗೆ ಜ್ವರವೆಂದು ಅವಳು ಅಂದು ಗಾರ್ಮೆಂಟ್ಸಿಗೆ ಹೋಗಿರಲಿಲ್ಲ.

"ಈ ಹೆಸರಿನ ಅಜ್ಜಿ ಎಲ್ಲಿ ಮೇಡಂ?" ಎಂದು ಕೇಳಿದ.

"ಊರಿಗೆ ಹೋಗವ್ರೆ" ಎಂದೆ. ಗೋಡೆಯ ಮೇಲೆ ಹಾರ ಹಾಕಿದ ಅವರ ಫೋಟೋ ಇತ್ತು. ಅವನು ಅತ್ತ ನೋಡಲಿಲ್ಲ.

ನೇರ ಹಿತ್ತಲಿಗೆ ನಡೆದ. ಮೂರನೆಯ ಮನೆಯ ಬಾಗಿಲು ತೆರೆದಿತ್ತು. ಒಳಗೆ ಕಲ್ಲಿನ ಮೇಲೆ ಒಲೆ, ಕೆಳಗೆ ಅತ್ತೆಯ ಸಿಲಿಂಡರ್. ಅವಳು ಬಾಗಿಲಿಗೆ ಬಂದು ನಿಂತಳು, ಮಗು ಸೊಂಟದ ಮೇಲೆ ಒರಗಿತ್ತು.

"ಬಾಡಿಗೆಗೆ ಕೊಟ್ಟಿದೀರಾ? ನಿಮ್ಮ ಸಿಲಿಂಡರ್ ಬೇರೆಯೋರಿಗೆ ಕೊಡಂಗಿಲ್ಲ. ಮೂರೂ ಕಟ್ ಮಾಡ್ಬೇಕಾಗುತ್ತೆ" ಎಂದ.

"ಬಾಡಿಗೆಗೆ ಯಾರೂ ಇಲ್ಲಪ್ಪ. ಇವರು ನಮ್ಮ ನೆಂಟ್ರು" ಎಂದೆ.

ಅವನು ಅವಳ ಕಡೆ ತಿರುಗಿದ. ಅಷ್ಟರಲ್ಲಿ ಮಗು ತಲೆಯೆತ್ತಿ, "ಇದು ನಮ್ಮನಿ" ಎಂದಿತು. ಜ್ವರದ ಸಣ್ಣ ದನಿ. ಅವಳು ಮಗುವಿನ ಮುಖವನ್ನು ಹೆಗಲಿಗೆ ಒತ್ತಿಕೊಂಡು ಅವನಿಗೆ ಹೇಳಿದಳು: "ಸಣ್ಣ ಹುಡುಗಿ, ತಿಳೀದಿಲ್ರಿ. ನಾವ್ ಊರಾಗಿನವ್ರು. ನಾಕ್ ದಿನ ಇದ್ದು ಹೋಗಾವ್ರು."

ಅವಳು ಆ ಸುಳ್ಳನ್ನು ನಾನು ಕೇಳದೆ ಹೇಳಿದಳು. ಆರು ವರ್ಷ ಸಂಸಾರ ಮಾಡಿದ ಮನೆಯ ಹೊಸ್ತಿಲ ಮೇಲೆ ನಿಂತು, ಇದು ನನ್ನ ಮನೆಯಲ್ಲ ಎಂದಳು. ಅವನು ಫಾರಂ ತೆಗೆದು, ಬಾಡಿಗೆದಾರರು ಯಾರೂ ಇಲ್ಲ ಎಂದು ಬರೆದು, ನನ್ನ ಕೈಯಲ್ಲಿ ಸಹಿ ಹಾಕಿಸಿಕೊಂಡ. ಹೆಚ್ಚಿನ ಎರಡು ಕನೆಕ್ಷನ್ ಹಿಂದಿರುಗಿಸಲು ಸ್ವಲ್ಪ ದಿನ ಅವಧಿ ಕೊಟ್ಟು ಹೋದ, ಅದನ್ನು ನಾನು ತಿಂಗಳುಗಟ್ಟಲೆ ಎಳೆದೆ. ಅವನು ಹೋದ ಮೇಲೆ ನಾನು ಅವಳಿಗೆ ಥ್ಯಾಂಕ್ಸ್ ಹೇಳಲಿಲ್ಲ. ಮಗುವಿಗೆ ಮೆಣಸಿನ ಕಷಾಯ ಮಾಡಿ ಕೊಟ್ಟೆ, ಅದರಲ್ಲೇ ಎಲ್ಲ ಚುಕ್ತಾ ಆಯಿತು ಎಂದುಕೊಂಡೆ.

ಇದಾಗಿ ನಾಲ್ಕೈದು ತಿಂಗಳಿಗೆ ಶಾಲೆಯ ಮಾತು ಬಂತು. ನಮ್ಮ ಬೀದಿಯ ತುದಿಯಲ್ಲೇ ಒಂದು ಇಂಗ್ಲಿಷ್ ಶಾಲೆ. ನಮ್ಮ ಇಬ್ಬರು ಮಕ್ಕಳೂ ಓದಿದ್ದು ಅಲ್ಲಿಯೇ. ಆ ಹುಡುಗಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು, ಶಾಲೆಯ ಮೈಕಿನಲ್ಲಿ ಬರುವ ಪ್ರಾರ್ಥನೆಯನ್ನೆಲ್ಲ ಬಾಯಿಪಾಠ ಮಾಡಿತ್ತು. ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಿಸ್ ಬೈಯುವುದನ್ನೂ ಅದೇ ಧಾಟಿಯಲ್ಲಿ ಬೈದು ತೋರಿಸುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಬಡವರ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಕೆಲವು ಸೀಟು ಪುಕ್ಕಟೆ ಕೊಡಬೇಕು ಎಂಬ ಕಾನೂನು ಆಗ ಹೊಸದು. ಮಗುವಿನ ಮನೆ ಅದೇ ವಾರ್ಡಿನಲ್ಲಿರಬೇಕು, ಅದಕ್ಕೆ ದಾಖಲೆ ಬೇಕು. ರೇಷನ್ ಕಾರ್ಡೋ, ಕರೆಂಟ್ ಬಿಲ್ಲೋ, ಗ್ಯಾಸ್ ಪುಸ್ತಕವೋ, ಏನೂ ಇಲ್ಲದಿದ್ದರೆ ಮನೆ ಮಾಲೀಕರ ಪತ್ರವೋ, ಏನಾದರೊಂದು ತನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು.

ಅವಳ ಹತ್ತಿರ ಒಂದೂ ಇರಲಿಲ್ಲ. ಇರದಂತೆ ನೋಡಿಕೊಂಡವಳು ನಾನು. ಮೀಟರು ಒಂದೇ ಸಾಕು ಎಂದದ್ದು, ಹತ್ತಿರದ ಏಜೆನ್ಸಿ ಬಿಟ್ಟು ದೂರದ್ದು ಹಿಡಿದದ್ದು, ಅತ್ತೆಯ ಪುಸ್ತಕದಲ್ಲೇ ಸಾಗಿಸಿದ್ದು, ಎಲ್ಲವೂ ಅದಕ್ಕಾಗಿಯೇ. ಏಳು ವರ್ಷದ ಬಾಳ್ವೆಗೆ ಒಂದು ಚೂರು ಕಾಗದದ ಸಾಕ್ಷಿಯಿಲ್ಲ.

ಅವಳು ಬಂದು ಕೇಳಿದಳು. ಈ ಸಲ ಕೂರಲಿಲ್ಲ. "ಒಂದ್ ನಾಕ್ ಸಾಲ್ರಿ ಅಕ್ಕಾರ. ಇಲ್ಲಿ ಬಾಡಿಗಿ ಇದ್ದಾರ ಅಂತ. ಹುಡುಗಿ ಸಾಲಿಗಿ ಅಷ್ಟ. ಬ್ಯಾರೆ ಯಾತಕ್ಕೂ ಉಪಯೋಗ್ಸಂಗಿಲ್ರಿ, ನನ್ನ ಮಗಳಾಣಿ."

ಮಗಳ ಆಣೆ ಇಟ್ಟಳು. ಅಷ್ಟು ಹೇಳಿಸಿಕೊಂಡೂ ನಾನು, "ಅವರು ಬರ್ಲಿ, ಕೇಳಿ ಬರ್ಕೊಡ್ತೀನಿ" ಎಂದೆ. ಸಂಜೆ ಗಂಡನಿಗೆ ಹೇಳಿದೆ. ಅವರು ಶೂ ಬಿಚ್ಚುತ್ತಾ, "ಬರ್ದುಕೊಡೆ. ಮಗು ಓದ್ಕೊಳ್ಲಿ" ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ತಲೆಯೊಳಗೆ ಆ ಗ್ಯಾಸಿನವನ ಫಾರಂ ಕುಳಿತಿತ್ತು. ಬಾಡಿಗೆದಾರರು ಯಾರೂ ಇಲ್ಲ ಎಂದು ನಾನೇ ಸಹಿ ಹಾಕಿದ್ದೇನೆ. ಈಗ ಏಳು ವರ್ಷದಿಂದ ಇದ್ದಾರೆ ಎಂದು ಅದೇ ಕೈಯಲ್ಲಿ ಬರೆದರೆ? ಎರಡು ಕಾಗದ ಒಂದೇ ಮೇಜಿನ ಮೇಲೆ ಬಿದ್ದರೆ? ಗ್ಯಾಸ್ ಏಜೆನ್ಸಿಗೂ ಶಾಲೆಗೂ ಏನೂ ಸಂಬಂಧವಿಲ್ಲ ಎಂದು ನನಗೂ ಗೊತ್ತಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಅದೇ.

ಮಾರನೆಯ ದಿನ ತಲೆನೋವು ಎಂದೆ. ಅದರ ಮಾರನೆಯ ದಿನ ಬಿಳಿ ಹಾಳೆ ಇಲ್ಲ ಎಂದೆ. ಅವಳು ಅಂಗಡಿಗೆ ಹೋಗಿ ಹಾಳೆ ತಂದುಕೊಟ್ಟಳು, ಗೆರೆಯಿಲ್ಲದ ಹಾಳೆ, ಎರಡು, ತಪ್ಪಾದರೆ ಇರಲಿ ಎಂದು. ಕೊನೆಯ ದಿನಾಂಕ ಹತ್ತಿರ ಬಂದಾಗ ನಾನು ಮಾಕಳಿಯಲ್ಲಿರುವ ತಂಗಿಯ ಮನೆಗೆ ಹೊರಟೆ. ತಂಗಿಗೆ ಹುಷಾರಿಲ್ಲ ಎಂದೆ. ಅವಳು ಗೇಟಿನವರೆಗೂ ಬಂದು, "ಬಂದ್ ಮ್ಯಾಲೆ ಬರದ್ರ ಆತ್ರಿ, ಶುಕ್ರವಾರದ ತನಾ ಟೈಮ್ ಐತಿ" ಎಂದಳು. ನಾನು ಶನಿವಾರ ಬಂದೆ.

ಬಂದಾಗ ಹಿತ್ತಲಿನಲ್ಲಿ ಅವಳು ಬಟ್ಟೆ ಒಗೆಯುತ್ತಿದ್ದಳು. ಹುಡುಗಿ ಪಕ್ಕದಲ್ಲಿ ನೀರು ಮೊಗೆದು ಹಾಕುತ್ತಿತ್ತು. ಏನಾಯಿತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. "ತಂಗಿ ಹ್ಯಾಂಗದಾರ್ರಿ ಈಗ?" ಎಂದು ಕೇಳಿದಳು. ಅಡ್ಡಿಯಿಲ್ಲ ಎಂದು ಒಳಗೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ನನ್ನ ಮೇಲೇ ನನಗೆ ಅಸಹ್ಯವಾಯಿತು. ಆದರೂ ಹೊರಗೆ ಹೋಗಿ ತಪ್ಪಾಯಿತು ಎನ್ನಲು ಕಾಲು ಬರಲಿಲ್ಲ.

ಮುಂದಿನ ತಿಂಗಳು ಅವರು ಮನೆ ಬಿಟ್ಟರು. ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ, ಅಲ್ಲೇ ರೂಮು ನೋಡಿದ್ದೇವೆ ಎಂದರು. ಹೋಗುವ ದಿನ ಅವಳು ಕೋಣೆಯ ಗೋಡೆಗಳನ್ನು ಒರೆಸಿ, ಒಲೆಯ ಕಲ್ಲನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದಳು. ಸಿಲಿಂಡರನ್ನು ತಾನೇ ಉರುಳಿಸಿಕೊಂಡು ತಂದು ನಮ್ಮ ವರಾಂಡದಲ್ಲಿ ನಿಲ್ಲಿಸಿದಳು. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ನನ್ನ ಕೈಗೆ ಕೊಟ್ಟಳು. ಹುಡುಗಿಗೆ ನಾನು ಒಂದು ಫ್ರಾಕು ಕೊಟ್ಟೆ. ಅದು ತೊಟ್ಟುಕೊಂಡು ಕುಣಿಯಿತು. ಮಕ್ಕಳಿಗೆ ಏನು ತಿಳಿಯುತ್ತದೆ.

ಆಮೇಲೆ ನನಗೆ ಬುದ್ಧಿ ಬಂತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹೆಚ್ಚಿನ ಎರಡು ಕನೆಕ್ಷನ್ ಹಿಂದಿರುಗಿಸಿದೆ. ಆರು ಮನೆಗೂ ಬೇರೆ ಮೀಟರು ಹಾಕಿಸಿದೆ. ಹತ್ತಿರದ ಏಜೆನ್ಸಿಗೆ ಹೋಗಿ, ನಮ್ಮ ಮನೆಗೆ ಬಾಡಿಗೆ ಬಂದವರೆಲ್ಲರಿಗೂ ಅವರವರ ಹೆಸರಿಗೇ ಗ್ಯಾಸ್ ಕೊಡಿ ಎಂದು ಪತ್ರ ಬರೆದುಕೊಟ್ಟೆ. ಮೇಜಿನ ಹಿಂದಿನ ಹೆಂಗಸಿಗೆ ಈಗ ಕನ್ನಡಕ ಬಂದಿತ್ತು. "ನಿಮ್ಮಂಥ ಓನರ್ ಎಲ್ರಿಗೂ ಸಿಗಲ್ಲ ಮೇಡಂ" ಎಂದಳು. ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ. ಅಲ್ಲಿಂದೀಚೆಗೆ ಎಷ್ಟು ಜನ ಬಂದು ಹೋದರು. ಯಾರೂ ಮನೆ ಹೊಡೆದುಕೊಳ್ಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ನಮ್ಮ ಮನೆಯಲ್ಲ, ತಾವು ಎಲ್ಲಿದ್ದೇವೆ ಎಂದು ತೋರಿಸಲು ಒಂದು ಚೀಟಿ ಮಾತ್ರ.

ಅವಳನ್ನು ಮತ್ತೆ ನೋಡಿದ್ದು ನಾಲ್ಕು ವರ್ಷದ ನಂತರ. ತಂಗಿಯ ಮನೆಯಿಂದ ವಾಪಸು ಬರಲು ತುಮಕೂರು ರಸ್ತೆಯಲ್ಲಿ ಬಸ್ಸಿಗೆ ನಿಂತಿದ್ದೆ. ಮಧ್ಯಾಹ್ನದ ಬಿಸಿಲು. ಯಾರೋ "ಅಕ್ಕಾರ" ಎಂದರು. ತಿರುಗಿ ನೋಡಿದರೆ ಅವಳು. ಸ್ವಲ್ಪ ಇಳಿದಿದ್ದಳು, ಕೊರಳಲ್ಲಿ ಫ್ಯಾಕ್ಟರಿಯ ಗುರುತಿನ ಚೀಟಿ. ಪಕ್ಕದಲ್ಲಿ ಸರ್ಕಾರಿ ಶಾಲೆಯ ಯೂನಿಫಾರಮ್ಮಿನ ಹುಡುಗಿ, ಆಗಲೇ ತಾಯಿಯ ಭುಜ ಮುಟ್ಟುತ್ತಿದ್ದಳು. ನನ್ನನ್ನು ಗುರುತು ಹಿಡಿಯಲಾರದೆ ಸಂಕೋಚದಿಂದ ನೋಡಿದಳು. ಏನು ಓದುತ್ತಿದ್ದೀಯ ಎಂದರೆ ಐದನೆಯ ಕ್ಲಾಸು ಎಂದಳು, ಇನ್ನೇನೂ ಮಾತಾಡಲಿಲ್ಲ. ಹೆಡ್‌ಮಿಸ್ ಧಾಟಿಯಲ್ಲಿ ಬೈಯುತ್ತಿದ್ದ ಮಗು ಇದೇನಾ ಎಂದು ನಾನು ಅವಳ ಮುಖವನ್ನೇ ನೋಡಿದೆ.

ತಾಯಿ ನಮ್ಮ ಮನೆಯವರನ್ನೆಲ್ಲ ಒಬ್ಬೊಬ್ಬರನ್ನೇ ವಿಚಾರಿಸಿದಳು. ಮೂರನೆಯ ಮನೆಯ ಶೀಟು ಸೋರುತ್ತಿತ್ತಲ್ಲ, ಸರಿಮಾಡಿಸಿದಿರಾ ಎಂದು ಕೇಳಿದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಅವತ್ತು ಬರ್ದುಕೊಡ್ಬೇಕಿತ್ತು ಕಣಮ್ಮ ನಾನು. ಬೇಕೂಂತಲೇ ತಂಗಿ ಮನೇಗೆ ಹೋಗಿ ಕೂತ್ಕೊಂಡೆ. ತಪ್ಪು ಮಾಡ್ದೆ" ಎಂದೆ.

ಅವಳು ಮಗಳ ಹೆಗಲಿನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

"ಗೊತ್ತೈತ್ರಿ" ಎಂದಳು. "ಕಾಗದ ತಯಾರಿತ್ತು ಅಕ್ಕಾರ. ಝೆರಾಕ್ಸ್ ಅಂಗಡಿಯಾಂವ ಟೈಪ್ ಮಾಡಿ ಕೊಟ್ಟಿದ್ದ, ನಿಮ್ಮ ಸಹಿ ಅಷ್ಟ ಬಾಕಿ. ಶುಕ್ರವಾರ ಸಂಜಿತನಾ ನಿಮ್ಮ ದಾರಿ ನೋಡ್ದೆ. ಆಮ್ಯಾಲ ಅಂವಾ ಅಂದ, ಓನರ್ ಸಹಿ ನಾನ ಹಾಕ್ತೀನಿ, ಯಾರ್ ನೋಡ್ತಾರ ಅಂತ. ನಮ್ಮ ಮನಿಯವ್ರೂ ಹಾಕ್ಸಿಬಿಡು ಅಂದ್ರು."

"ಹಾಕಿಸ್ಬಿಡಬೇಕಿತ್ತು" ಎಂದೆ.

"ಹ್ಯಾಂಗ್ ಹಾಕ್ಸೂದ್ರಿ? ಬಾಡಿಗಿಯವ್ರು ಯಾರೂ ಇಲ್ಲಂತ ನೀವು ಗ್ಯಾಸಿನಾಂವಗ ಸಹಿ ಮಾಡಿ ಕೊಟ್ಟಿದ್ರಿ. ನಾಳೆ ಎರಡೂ ಕಾಗದ ಒಂದ ಕಡೆ ಸಿಕ್ರ ನಿಮಗ ತ್ರಾಸ ಆಕ್ಕಿತ್ತು. ಹರದ್ ಹಾಕ್ದೆ."

ಅವರ ಬಸ್ಸು ಬಂತು. ಹುಡುಗಿ ಮೊದಲು ಹತ್ತಿ ಸೀಟು ಹಿಡಿದು, ಅವ್ವಾ ಬಾ ಎಂದು ಕರೆದಳು. ಅವಳು ಸೆರಗು ಸರಿಮಾಡಿಕೊಂಡು, "ಬರ್ತೀನ್ರಿ ಅಕ್ಕಾರ, ಬಿಸಲಾಗ ನಿಂದರಬ್ಯಾಡ್ರಿ" ಎಂದು ಹೇಳಿ ಹತ್ತಿದಳು. ನನ್ನ ಮನೆ ಹೊಡೆದುಕೊಂಡಾಳು ಎಂದು ಏಳು ವರ್ಷ ನಾನು ಕಾವಲು ಕುಳಿತಿದ್ದೆ. ಮಗಳ ಸೀಟು ಕಣ್ಣೆದುರೇ ಹೋಗುತ್ತಿದ್ದ ಹೊತ್ತಿನಲ್ಲೂ ಅವಳು ನನ್ನ ಸಹಿಯೊಂದನ್ನು ಮುಟ್ಟಿರಲಿಲ್ಲ.